ಸರ್ಕಾರಿ ವಕೀಲರ ಮಾತನ್ನು ಅಮೆರಿಕದ ಜಡ್ಜ್‌ಗಳು ಯಾಕೆ ನಂಬುತ್ತಿಲ್ಲ?

2026ರ ಫೆಬ್ರವರಿ 3. ಮಿನ್ನೆಸೋಟ ರಾಜ್ಯದಲ್ಲಿರುವ ಫೆಡರಲ್, ಅಂದರೆ ಕೇಂದ್ರದ, ಕೋರ್ಟು. ವಲಸೆ ಇಲಾಖೆ ಹಿಡಿದಿಟ್ಟಿದ್ದ ಕೆಲವರನ್ನು ಬಿಡಿ ಎಂದು ಜಡ್ಜ್ ಜೆರ್ರಿ ಬ್ಲ್ಯಾಕ್‌ವೆಲ್ ಆದೇಶ ಕೊಟ್ಟಿದ್ದರು. ಹೇಳಿದ ಹೊತ್ತಿಗೆ ಬಿಟ್ಟಿರಲಿಲ್ಲ. ಯಾಕೆ ಅಂತ ಕೇಳೋಕೆ ಸರ್ಕಾರದ ಪರ ವಕೀಲರನ್ನು ಕರೆಸಿದರು. ಎದ್ದು ನಿಂತ ಮಹಿಳೆ ವಲಸೆ ಇಲಾಖೆಯಿಂದ ಎರವಲಾಗಿ ಬಂದ ವಕೀಲೆ. ಒಂದು ತಿಂಗಳೂ ತುಂಬುವ ಮೊದಲೇ 80ಕ್ಕಿಂತ ಜಾಸ್ತಿ ಕೇಸುಗಳು ಅವರ ತಲೆಗೆ ಬಿದ್ದಿದ್ದವು.

ಆಕೆ ಏನೂ ಮುಚ್ಚಿಡಲಿಲ್ಲ. ಈ ವ್ಯವಸ್ಥೆಯೂ ದರಿದ್ರ, ಈ ಕೆಲಸವೂ ದರಿದ್ರ ಎಂದರು. ನನ್ನನ್ನು ನ್ಯಾಯಾಂಗ ನಿಂದನೆ ಅಂತ ಒಳಗೆ ಹಾಕಿದರೆ 24 ಗಂಟೆ ನಿದ್ದೆಯಾದರೂ ಸಿಗುತ್ತದೆ ಎಂದೂ ಹೇಳಿದರು. ಸ್ವಲ್ಪ ದಿನದಲ್ಲೇ ಆ ಜಾಗದಿಂದ ಅವರನ್ನು ತೆಗೆದರು.

ಸುದ್ದಿಯಾದದ್ದು ‘ದರಿದ್ರ’ ಅನ್ನುವ ಮಾತು. ನನ್ನ ಗಮನ ಹೋದದ್ದು ಬೇರೆ ಕಡೆಗೆ. ತಮ್ಮದೇ ಇಲಾಖೆಯಿಂದ ಕೋರ್ಟಿನ ಆದೇಶ ಪಾಲನೆ ಮಾಡಿಸೋದು ಕಲ್ಲಿನಿಂದ ನಾರು ತೆಗೆದ ಹಾಗೆ ಎನ್ನುವ ಅರ್ಥದ ಮಾತನ್ನೂ ಅವರು ಆಡಿದರು. ಸರ್ಕಾರದ ಪರ ನಿಂತವರಿಗೇ ಸರ್ಕಾರ ಉತ್ತರ ಕೊಡುತ್ತಿಲ್ಲ ಅಂದರೆ ಅವರು ಜಡ್ಜ್‌ಗೆ ಹೇಳೋದಾದರೂ ಏನನ್ನ?

2025ರಿಂದ ಅಮೆರಿಕದ ಫೆಡರಲ್ ಕೋರ್ಟುಗಳಲ್ಲಿ ನಡೆಯುತ್ತಿರುವ ಜಗಳದ ಮೂಲ ಈ ಪ್ರಶ್ನೆಯಲ್ಲಿದೆ. ಅದು ಅರ್ಥ ಆಗಬೇಕಾದರೆ ಈ ಕೆಲಸ ಹೇಗೆ ನಡೆಯುತ್ತದೆ ಅಂತ ಮೊದಲು ನೋಡಬೇಕು.

ಅಲ್ಲಿ ಫೆಡರಲ್ ಕೋರ್ಟುಗಳಿಗೆ 94 ಜಿಲ್ಲೆಗಳಿವೆ. ಅವುಗಳಿಗೆ 93 ಯುಎಸ್ ಅಟಾರ್ನಿಗಳು, ಅಂದರೆ ಆಯಾ ಜಿಲ್ಲೆಯಲ್ಲಿ ಕೇಂದ್ರ ಸರ್ಕಾರದ ಮುಖ್ಯ ವಕೀಲರು. ಗ್ವಾಮ್ ಮತ್ತು ಉತ್ತರ ಮರಿಯಾನಾ ದ್ವೀಪಗಳಿಗೆ ಒಬ್ಬರೇ, ಹಾಗಾಗಿ ಒಂದು ಕಮ್ಮಿ. ಹುದ್ದೆ ಹುಟ್ಟಿದ್ದು 1789ರ ಕಾಯ್ದೆಯಲ್ಲಿ. ನ್ಯಾಯ ಇಲಾಖೆ ಬಂದದ್ದು 1870ರಲ್ಲಿ, ಅಂದರೆ ಮನೆಗಿಂತ ಮೊದಲೇ ಬಾಗಿಲು ಬಂತು. ಯುಎಸ್ ಅಟಾರ್ನಿಯನ್ನು ಅಧ್ಯಕ್ಷರು ಹೆಸರಿಸಿ ಸೆನೆಟ್ ಒಪ್ಪಬೇಕು. ಅವರ ಕೈಕೆಳಗಿನ ಅಸಿಸ್ಟೆಂಟ್‌ಗಳು ಹಾಗಲ್ಲ. ಅವರು ಸಂಬಳದ ನೌಕರರು. ಸರ್ಕಾರ ಬದಲಾದರೂ ಅದೇ ಮೇಜು, ಅದೇ ಫೈಲು. ದಿನಾ ಕೋರ್ಟಿಗೆ ಹೋಗುವವರು ಇವರೇ.

ಸಂಬಳ ಹೇಳಿಕೊಳ್ಳುವಂಥದ್ದಲ್ಲ. ನ್ಯೂಯಾರ್ಕಿನ ದೊಡ್ಡ ವಕೀಲಿ ಕಂಪನಿಗಳಲ್ಲಿ ಮೊದಲ ವರ್ಷವೇ 2,25,000 ಡಾಲರ್. ಇಲ್ಲಿ ಹೊಸದಾಗಿ ಸೇರಿದವರಿಗೆ ಅದರ ಅರ್ಧ ಸಿಕ್ಕರೆ ಪುಣ್ಯ. ಆದರೂ ಒಳ್ಳೊಳ್ಳೆಯವರು ಬರುತ್ತಿದ್ದರು. ಕಂಪನಿಯಲ್ಲಿ ಹತ್ತು ವರ್ಷ ಕಳೆದರೂ ಸಿಗದ ವಿಚಾರಣೆ ಇಲ್ಲಿ ಮೊದಲ ವರ್ಷವೇ ಸಿಗುತ್ತದೆ ಅನ್ನೋದು ಒಂದು ಕಾರಣ. ಎದ್ದು ನಿಂತು ‘ನಾನು ಯುನೈಟೆಡ್ ಸ್ಟೇಟ್ಸ್ ಪರ’ ಎಂದಾಗ ಸಿಗುವ ಮರ್ಯಾದೆ ಇನ್ನೊಂದು.

ಸಿವಿಲ್ ಕಡೆಯ ಕೆಲಸ ಸಿನಿಮಾಕ್ಕೆ ಹೊಂದುವಂಥದ್ದಲ್ಲ. ಅಂಚೆ ವ್ಯಾನು ಯಾರದೋ ಕಾರಿಗೆ ಗುದ್ದಿತು. ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಆಪರೇಷನ್ ಎಡವಟ್ಟಾಯಿತು. ಇಂಥ ನಷ್ಟಕ್ಕೆ ಸರ್ಕಾರದ ಮೇಲೆ ದಾವೆ ಹೂಡಲು 1946ರ ಕಾಯ್ದೆ ದಾರಿ ಮಾಡಿಕೊಟ್ಟಿದೆ. ಮೊದಲು ಎರಡು ವರ್ಷದೊಳಗೆ ಇಲಾಖೆಗೆ ಅರ್ಜಿ ಹಾಕಬೇಕು. ಅವರು ತಿರಸ್ಕರಿಸಿದರೆ, ಅಥವಾ ಆರು ತಿಂಗಳು ಸುಮ್ನೆ ಕೂತರೆ, ಆಮೇಲೆ ಕೋರ್ಟು. ಜ್ಯೂರಿ ಇರುವುದಿಲ್ಲ, ಜಡ್ಜ್ ಒಬ್ಬರೇ ತೀರ್ಮಾನಿಸುತ್ತಾರೆ. ಮಾಮೂಲಿ ಪ್ರತಿವಾದಿ 21 ದಿನದಲ್ಲಿ ಉತ್ತರ ಸಲ್ಲಿಸಬೇಕು. ಸರ್ಕಾರಕ್ಕೆ 60 ದಿನ. ಯಾಕೆಂದರೆ ವಕೀಲರು ಒಂದು ಕಡೆ, ಕಾಗದ ಪತ್ರ ಇನ್ನೊಂದು ಇಲಾಖೆಯಲ್ಲಿ, ವಿಷಯ ಗೊತ್ತಿರುವ ಅಧಿಕಾರಿ ಇನ್ನೆಲ್ಲೋ.

ಅಮೆರಿಕದಲ್ಲಿರುವ ಕನ್ನಡಿಗರಲ್ಲೂ ಈ ವಕೀಲರನ್ನು ದೂರದಿಂದ ಕಂಡವರಿದ್ದಾರೆ. ವಲಸೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾದರೂ ಉತ್ತರ ಇಲ್ಲ ಎಂದಾಗ ಕೆಲವರು 405 ಡಾಲರ್ ಶುಲ್ಕ ಕಟ್ಟಿ ಮ್ಯಾಂಡಮಸ್ ದಾವೆ ಹಾಕುತ್ತಾರೆ. ಗ್ರೀನ್ ಕಾರ್ಡ್ ಕೊಡಿ ಅಂತಲ್ಲ, ಏನೋ ಒಂದು ತೀರ್ಮಾನ ಮಾಡಿ ಅಂತ. ಆ ದಾವೆ ಬಂದು ಬೀಳುವುದು ಒಬ್ಬ ಅಸಿಸ್ಟೆಂಟ್ ಯುಎಸ್ ಅಟಾರ್ನಿಯ ಮೇಜಿಗೆ. ಅವರು ಇಲಾಖೆಗೆ ಇಮೇಲ್ ಹಾಕುತ್ತಾರೆ: ಈ ಫೈಲು ಎಲ್ಲಿದೆ, ಯಾಕೆ ನಿಂತಿದೆ? ಎಷ್ಟೋ ಸಲ ಆ 60 ದಿನ ಮುಗಿಯುವ ಮೊದಲೇ ಫೈಲು ಮೇಲೆದ್ದು ಓಡುತ್ತದೆ, ದಾವೆ ವಾಪಸಾಗುತ್ತದೆ. ಜಡ್ಜ್ ಮುಖವನ್ನೂ ಯಾರೂ ನೋಡಿರುವುದಿಲ್ಲ. ಸರ್ಕಾರಿ ವಕೀಲರ ಒಳ್ಳೆಯ ಕೆಲಸ ಹೀಗೆ ಕಣ್ಣಿಗೆ ಬೀಳದಂತೆ ನಡೆಯುವಂಥದ್ದು. ತಮ್ಮ ಕಕ್ಷಿದಾರರಿಗೇ ‘ಇದು ನಿಲ್ಲೋ ಕೇಸಲ್ಲ, ಬೇಗ ಮುಗಿಸಿ’ ಎಂದು ಹೇಳುವ ಕೆಲಸ.

ಕ್ರಿಮಿನಲ್ ಕಡೆ ಅಧಿಕಾರ ಜಾಸ್ತಿ, ಅಪಾಯವೂ ಜಾಸ್ತಿ. ಎಫ್‌ಬಿಐ ತನಿಖೆ ಮಾಡಬಹುದು. ಆದರೆ ಕೇಸು ಹಾಕಬೇಕೋ ಬೇಡವೋ ಎಂದು ತೀರ್ಮಾನಿಸುವುದು ಪ್ರಾಸಿಕ್ಯೂಟರ್, ಅಂದರೆ ಕ್ರಿಮಿನಲ್ ಕೇಸು ನಡೆಸುವ ಸರ್ಕಾರಿ ವಕೀಲ. ಗಂಭೀರ ಅಪರಾಧವಾದರೆ ಗ್ರ್ಯಾಂಡ್ ಜ್ಯೂರಿ ಮುಂದೆ ಹೋಗಬೇಕು. 16ರಿಂದ 23 ಜನ ಸಾಮಾನ್ಯ ನಾಗರಿಕರು, ಅವರಲ್ಲಿ 12 ಮಂದಿ ಹೂಂ ಅಂದರೆ ದೋಷಾರೋಪ. ಆ ಕೋಣೆಯಲ್ಲಿ ಜಡ್ಜ್ ಇಲ್ಲ, ಆರೋಪಿ ಪರ ವಕೀಲರೂ ಇಲ್ಲ. ಪ್ರಾಸಿಕ್ಯೂಟರ್ ಹೇಳಿದ್ದೇ ಕಾನೂನು, ತೋರಿಸಿದ್ದೇ ಸಾಕ್ಷಿ. 2010ರಲ್ಲಿ ಸುಮಾರು 1,62,000 ಫೆಡರಲ್ ಕೇಸುಗಳಲ್ಲಿ ಗ್ರ್ಯಾಂಡ್ ಜ್ಯೂರಿ ಬೇಡ ಎಂದದ್ದು ಬರೀ 11 ಸಲ.

ಮುಂದಿನ ಲೆಕ್ಕವೂ ಹಾಗೇ ಇದೆ. 2022ರಲ್ಲಿ 71,954 ಫೆಡರಲ್ ಆರೋಪಿಗಳಲ್ಲಿ ಸುಮಾರು 90% ಜನ ತಪ್ಪೊಪ್ಪಿಕೊಂಡರು. ವಿಚಾರಣೆ ನಡೆದು ಖುಲಾಸೆಯಾದವರು 290 ಮಂದಿ. ಇಷ್ಟು ಬಲ ಒಬ್ಬರ ಕೈಯಲ್ಲಿದ್ದರೆ ಅದಕ್ಕೆ ಮೂಗುದಾರ ಬೇಡವೇ? ಅಲ್ಲಿನವರು ಎರಡು ಹಾಕಿದರು.

ಒಂದು, 1935ರ ಬರ್ಗರ್ ತೀರ್ಪು. ಖೋಟಾನೋಟಿನ ಕೇಸೊಂದರಲ್ಲಿ ಪ್ರಾಸಿಕ್ಯೂಟರ್ ಅತಿರೇಕ ಮಾಡಿದ್ದಕ್ಕೆ ಸುಪ್ರೀಂ ಕೋರ್ಟು ಶಿಕ್ಷೆಯನ್ನೇ ರದ್ದು ಮಾಡಿತು. ಸರ್ಕಾರಿ ವಕೀಲ ಗಟ್ಟಿ ಏಟು ಹೊಡೆಯಬಹುದು, ಕಳ್ಳ ಏಟು ಹೊಡೆಯುವಂತಿಲ್ಲ ಎಂದರು ಜಸ್ಟಿಸ್ ಜಾರ್ಜ್ ಸದರ್ಲ್ಯಾಂಡ್. ಅವನ ಕೆಲಸ ಗೆಲ್ಲುವುದಲ್ಲ, ನ್ಯಾಯ ಆಗುವಂತೆ ನೋಡಿಕೊಳ್ಳುವುದು. ಎರಡನೆಯದು 1963ರ ಬ್ರೇಡಿ ತೀರ್ಪು. ಆರೋಪಿಗೆ ಅನುಕೂಲವಾಗುವ ಸಾಕ್ಷಿ ಸರ್ಕಾರದ ಫೈಲಿನಲ್ಲಿದ್ದರೆ ಅದನ್ನು ಎದುರು ಪಕ್ಷಕ್ಕೆ ಕೊಡಲೇಬೇಕು. ಯೋಚಿಸಿ ನೋಡಿ, ಎದುರಾಳಿಗೆ ಬೇಕಾದ ಬಾಣವನ್ನು ನಿಮ್ಮ ಬತ್ತಳಿಕೆಯಲ್ಲೇ ಹುಡುಕಿ ಕೊಡಬೇಕು. ಖಾಸಗಿ ವಕೀಲರಿಗೆ ಈ ಕಟ್ಟುಪಾಡಿಲ್ಲ.

ಇದನ್ನು ಮುರಿದರೆ ಏನಾಗುತ್ತದೆ ಎಂಬುದಕ್ಕೆ ಅಲಾಸ್ಕಾದ ಸೆನೆಟರ್ ಟೆಡ್ ಸ್ಟೀವನ್ಸ್ ಕೇಸು ಸಾಕ್ಷಿ. ಎಣ್ಣೆ ವ್ಯವಹಾರದ ಶ್ರೀಮಂತರೊಬ್ಬರು ಅವರ ಮನೆ ರಿಪೇರಿ ಮಾಡಿಸಿಕೊಟ್ಟಿದ್ದರು, ಅದನ್ನು ಅವರು ಮುಚ್ಚಿಟ್ಟರು ಅನ್ನೋದು ಆರೋಪ. 2008ರ ಅಕ್ಟೋಬರ್‌ನಲ್ಲಿ ತಪ್ಪಿತಸ್ಥ ಎಂದಾಯಿತು. ಮರುವಾರವೇ ಚುನಾವಣೆ. ಕೂದಲೆಳೆಯಲ್ಲಿ ಸೋತರು. ಆಮೇಲೆ ಒಂದು ಟಿಪ್ಪಣಿ ಹೊರಬಂತು. ಮುಖ್ಯ ಸಾಕ್ಷಿ ಪ್ರಾಸಿಕ್ಯೂಟರ್‌ಗಳ ಹತ್ತಿರ ಮೊದಲು ಆಡಿದ್ದ ಮಾತಿಗೂ ಕೋರ್ಟಿನಲ್ಲಿ ಹೇಳಿದ್ದಕ್ಕೂ ತಾಳೆಯಾಗುತ್ತಿರಲಿಲ್ಲ. ಆ ಟಿಪ್ಪಣಿಯನ್ನು ಆರೋಪಿಗೆ ಕೊಟ್ಟೇ ಇರಲಿಲ್ಲ. 2009ರ ಏಪ್ರಿಲ್‌ನಲ್ಲಿ ಸರ್ಕಾರವೇ ಕೇಳಿಕೊಂಡು ಕೇಸು ರದ್ದಾಯಿತು. ಕಥೆ ಅಲ್ಲಿಗೇ ಮುಗಿಯಲಿಲ್ಲ. 2020ರಲ್ಲಿ ಬಂದ ಹೊಸ ಕಾಯ್ದೆ ಪ್ರಕಾರ ಈಗ ಪ್ರತಿ ಕ್ರಿಮಿನಲ್ ಕೇಸಿನ ಮೊದಲ ಹಾಜರಾತಿಯಲ್ಲೇ ಜಡ್ಜ್ ಪ್ರಾಸಿಕ್ಯೂಟರ್‌ಗೆ ಬ್ರೇಡಿ ನಿಯಮ ನೆನಪಿಸಿ ಆದೇಶ ಮಾಡಬೇಕು. ಮೊದಲು ನಂಬಿಕೆಯ ಮೇಲೆ ನಡೆಯುತ್ತಿದ್ದದ್ದು ಈಗ ಲಿಖಿತ ಆದೇಶವಾಯಿತು.

ಈ ನಂಬಿಕೆಗೆ ಕೋರ್ಟಿನಲ್ಲಿ ‘ಪ್ರಿಸಂಪ್ಷನ್ ಆಫ್ ರೆಗ್ಯುಲಾರಿಟಿ’ ಎಂಬ ಹೆಸರೂ ಇದೆ. ಸರ್ಕಾರಿ ಅಧಿಕಾರಿ ತನ್ನ ಕೆಲಸವನ್ನು ಕ್ರಮವಾಗಿಯೇ ಮಾಡಿದ್ದಾನೆ ಎಂದು ಮೊದಲಿಗೆ ಒಪ್ಪಿಕೊಂಡು ಹೋಗುವುದು. 1926ರ ತೀರ್ಪೊಂದರಲ್ಲಿ ಇದು ಸ್ಪಷ್ಟವಾಗಿದೆ. ಇದರಿಂದ ಸರ್ಕಾರಿ ವಕೀಲರಿಗೆ ದಿನನಿತ್ಯ ಸಿಗುವ ಲಾಭ ಸಣ್ಣದಲ್ಲ. ‘ಈ ಕಾಗದ ನಮ್ಮಲ್ಲಿಲ್ಲ’ ಎಂದರೆ ಜಡ್ಜ್ ನಂಬುತ್ತಾರೆ. ‘ಎರಡು ವಾರ ವಾಯಿದೆ ಕೊಡಿ’ ಎಂದರೆ ಕೊಡುತ್ತಾರೆ. ಇದು ತಲೆಮಾರುಗಳಿಂದ ಕೂಡಿಟ್ಟ ಗಂಟು. ಇವತ್ತಿನ ವಕೀಲ ಖರ್ಚು ಮಾಡುವುದು ಹಿಂದಿನವರು ಗಳಿಸಿಟ್ಟದ್ದನ್ನ.

2025ರಲ್ಲಿ ಈ ಗಂಟು ಕರಗಿದ ವೇಗ ನೋಡಿ.

ಏಪ್ರಿಲ್ 4ರಂದು ಮೇರಿಲ್ಯಾಂಡಿನಲ್ಲಿ ಜಡ್ಜ್ ಪೌಲಾ ಜಿನಿಸ್ ಮುಂದೆ ಎರೆಜ್ ರುವೆನಿ ನಿಂತಿದ್ದರು. ನ್ಯಾಯ ಇಲಾಖೆಯಲ್ಲಿ ಸುಮಾರು 15 ವರ್ಷ ದುಡಿದವರು. ಎಲ್ ಸಾಲ್ವಡಾರ್‌ಗೆ ಕಳಿಸಬಾರದು ಎಂದು 2019ರಲ್ಲೇ ಆದೇಶವಿದ್ದ ಒಬ್ಬ ವ್ಯಕ್ತಿಯನ್ನು ಮಾರ್ಚ್‌ನಲ್ಲಿ ವಿಮಾನ ಹತ್ತಿಸಿ ಅಲ್ಲಿಗೇ ಕಳಿಸಿದ್ದರು. ಯಾವ ಅಧಿಕಾರದಿಂದ ಹಿಡಿದಿರಿ ಎಂದು ಜಡ್ಜ್ ಕೇಳಿದರು. ಕಳಿಸಬಾರದಿತ್ತು ಎಂದು ರುವೆನಿ ಒಪ್ಪಿಕೊಂಡರು. ನಿಮ್ಮ ಎಷ್ಟೋ ಪ್ರಶ್ನೆಗಳಿಗೆ ನನ್ನ ಹತ್ತಿರ ಉತ್ತರವಿಲ್ಲ, ನನಗೂ ಬೇಸರವಾಗಿದೆ ಎಂದರು. ಮರುದಿನವೇ ಅವರನ್ನು ರಜೆಯ ಮೇಲೆ ಕಳಿಸಿದರು, ಆಮೇಲೆ ವಜಾ. ಇಲಾಖೆ ಆ ತಪ್ಪನ್ನು ಅದಾಗಲೇ ಲಿಖಿತವಾಗಿ ಒಪ್ಪಿಕೊಂಡಿತ್ತು. ಅದನ್ನೇ ಬಾಯಲ್ಲಿ ಹೇಳಿದವರ ಕೆಲಸ ಹೋಯಿತು.

ಆಗ ಅಟಾರ್ನಿ ಜನರಲ್, ಅಂದರೆ ನ್ಯಾಯ ಇಲಾಖೆಯ ಮುಖ್ಯಸ್ಥೆ, ಆಗಿದ್ದ ಪ್ಯಾಮ್ ಬಾಂಡಿ ಫೆಬ್ರವರಿ 5ರಂದೇ ಸುತ್ತೋಲೆ ಹೊರಡಿಸಿದ್ದರು. ಇಲಾಖೆಯ ಪ್ರತಿ ವಕೀಲರೂ ಸರ್ಕಾರದ ಪರ ಹುರುಪಿನಿಂದ ವಾದಿಸಬೇಕು, ಒಪ್ಪಿಗೆಯಿಲ್ಲ ಎಂದು ಹಿಂದೆ ಸರಿದರೆ ಶಿಸ್ತು ಕ್ರಮ. ಈ ವಾದವನ್ನು ಸುಮ್ನೆ ತಳ್ಳಿಹಾಕುವಂತಿಲ್ಲ. ಅಧ್ಯಕ್ಷರನ್ನು ಜನ ಆರಿಸಿದ್ದಾರೆ, ವಕೀಲರನ್ನಲ್ಲ. ತನಗಿಷ್ಟವಿಲ್ಲದ ನೀತಿಯನ್ನು ಸಮರ್ಥಿಸಲ್ಲ ಎಂದು ಪ್ರತಿಯೊಬ್ಬ ವಕೀಲನೂ ಕೂತರೆ ಸರ್ಕಾರ ನಡೆಯುವುದು ಹೇಗೆ? ಅದನ್ನು ನಾನೂ ಒಪ್ಪುತ್ತೇನೆ. ಆದರೆ ನೀತಿಯನ್ನು ಸಮರ್ಥಿಸುವುದು ಬೇರೆ, ನಡೆದದ್ದನ್ನು ತಿರುಚಿ ಹೇಳುವುದು ಬೇರೆ. ರುವೆನಿ ನೀತಿಯನ್ನು ವಿರೋಧಿಸಲಿಲ್ಲ. ಕೇಳಿದ ಪ್ರಶ್ನೆಗೆ ಸುಳ್ಳು ಹೇಳಲಿಲ್ಲ, ಅಷ್ಟೇ.

ಅದೇ ಏಪ್ರಿಲ್‌ನಲ್ಲಿ ವಿದೇಶಿ ವಿದ್ಯಾರ್ಥಿಗಳ ಗಲಾಟೆ. ವಿದೇಶಿ ವಿದ್ಯಾರ್ಥಿಗಳ ಲೆಕ್ಕ ಇಡುವ ಸರ್ಕಾರದ ಸೆವಿಸ್ ದಾಖಲೆಯಲ್ಲಿ ಸಾವಿರಾರು ವಿದ್ಯಾರ್ಥಿಗಳ ಹೆಸರಿನ ಮುಂದೆ ‘ರದ್ದು’ ಎಂದು ಬಿತ್ತು. ಅವರಲ್ಲಿ ಭಾರತೀಯರು ತುಂಬ ಇದ್ದರು. ಮಗ ಅಲ್ಲಿ ಎಂಎಸ್ ಓದುತ್ತಿದ್ದಾನೆ ಎನ್ನುವ ನಮ್ಮೂರಿನ ಎಷ್ಟೋ ಮನೆಗಳಲ್ಲಿ ಆ ವಾರ ಫೋನು ಕೆಳಗಿಡಲಿಲ್ಲ. ಕೋರ್ಟಿಗೆ ಹೋದ ಒಬ್ಬ ಭಾರತೀಯ ವಿದ್ಯಾರ್ಥಿಯ ತಪ್ಪು ಏನೆಂದರೆ, ಹಿಂದೆ ಯಾವತ್ತೋ ಜೋರಾಗಿ ಕಾರು ಓಡಿಸಿದ ಕೇಸು. ಅದೂ ವಜಾ ಆಗಿತ್ತು. ವಾಷಿಂಗ್ಟನ್‌ನಲ್ಲಿ ಜಡ್ಜ್ ಅನಾ ರೆಯೆಸ್ ಕೇಳಿದ್ದು ಮಗುವಿಗೂ ಅರ್ಥವಾಗುವ ಪ್ರಶ್ನೆ: ಈ ಹುಡುಗ ಈಗ ಕಾನೂನುಬದ್ಧವಾಗಿ ಇಲ್ಲಿದ್ದಾನೋ ಇಲ್ಲವೋ? ಸರ್ಕಾರದ ಕಡೆಯಿಂದ ನೆಟ್ಟಗೊಂದು ಉತ್ತರ ಬರಲಿಲ್ಲ. ಸುಮಾರು 13 ಲಕ್ಷ ವಿದ್ಯಾರ್ಥಿಗಳ ಹೆಸರನ್ನು ಪೊಲೀಸ್ ದಾಖಲೆಗಳ ಜೊತೆ ಕಂಪ್ಯೂಟರಿನಲ್ಲಿ ತಾಳೆ ನೋಡಿ, ಸಿಕ್ಕಿದವರನ್ನೆಲ್ಲ ಅವಸರದಲ್ಲಿ ಕಿತ್ತುಹಾಕಿದ್ದರು ಎಂಬುದು ಆಮೇಲೆ ಹೊರಬಂತು. ಏಪ್ರಿಲ್ 25ರಂದು, ದಾಖಲೆಗಳನ್ನು ಮತ್ತೆ ಸರಿಮಾಡುತ್ತೇವೆ ಎಂದು ಸರ್ಕಾರಿ ವಕೀಲರೇ ಕೋರ್ಟಿನಲ್ಲಿ ಓದಿ ಹೇಳಬೇಕಾಯಿತು. ಡಜನ್‌ಗಟ್ಟಲೆ ಕೋರ್ಟುಗಳಲ್ಲಿ ಅವರು ವಾರಗಟ್ಟಲೆ ಸಮರ್ಥಿಸಿಕೊಂಡದ್ದು ಇದನ್ನೇ.

ಕ್ರಿಮಿನಲ್ ಕಡೆ ಪೆಟ್ಟು ಬಿದ್ದದ್ದು ಇನ್ನೂ ಮೊದಲೇ. ನ್ಯೂಯಾರ್ಕಿನ ಆಗಿನ ಮೇಯರ್ ಎರಿಕ್ ಆ್ಯಡಮ್ಸ್ ಮೇಲಿನ ಭ್ರಷ್ಟಾಚಾರದ ಕೇಸನ್ನು ಕೈಬಿಡಿ ಎಂದು 2025ರ ಫೆಬ್ರವರಿ 10ರಂದು ವಾಷಿಂಗ್ಟನ್‌ನಿಂದ ಆದೇಶ ಬಂತು. ಸಾಕ್ಷಿ ಬಲವಾಗಿದೆಯೋ ಇಲ್ಲವೋ ನೋಡಿಲ್ಲ ಎಂದು ಆದೇಶದಲ್ಲೇ ಬರೆದಿತ್ತು. ಕೇಸಿನಿಂದ ಮೇಯರ್‌ಗೆ ವಲಸೆ ವಿಷಯದಲ್ಲಿ ಕೇಂದ್ರಕ್ಕೆ ಸಹಕರಿಸಲು ತೊಂದರೆಯಾಗುತ್ತಿದೆ ಅನ್ನೋದು ಒಂದು ಕಾರಣ. ಅಲ್ಲಿನ ಹಂಗಾಮಿ ಯುಎಸ್ ಅಟಾರ್ನಿ ಡೇನಿಯೆಲ್ ಸಸೂನ್ ಸಹಿ ಹಾಕಲಿಲ್ಲ, ರಾಜೀನಾಮೆ ಕೊಟ್ಟರು. ಆಕೆ ಎಡಪಂಥೀಯರೇನಲ್ಲ. ಬಲಪಂಥೀಯರೆಂದೇ ಹೆಸರಾಗಿದ್ದ ಸುಪ್ರೀಂ ಕೋರ್ಟಿನ ಜಸ್ಟಿಸ್ ಆಂಟೊನಿನ್ ಸ್ಕಲಿಯಾ ಅವರ ಕೈಕೆಳಗೆ ಕೆಲಸ ಕಲಿತವರು. ಬೆನ್ನಿಗೇ ಇನ್ನೂ ಕೆಲವರು ಹೊರನಡೆದರು. ಅವರಲ್ಲೊಬ್ಬರಾದ ಹೇಗನ್ ಸ್ಕಾಟನ್, ಇದಕ್ಕೆ ಸಹಿ ಹಾಕುವ ಮೂರ್ಖನೋ ಹೇಡಿಯೋ ನಿಮಗೆ ಸಿಕ್ಕೇ ಸಿಗುತ್ತಾನೆ, ಅದು ಮಾತ್ರ ನಾನಲ್ಲ ಎಂದು ಬರೆದರು. ಕೊನೆಗೆ ವಾಷಿಂಗ್ಟನ್‌ನವರೇ ಸಹಿ ಹಾಕಿದರು. ಜಡ್ಜ್ ಡೇಲ್ ಹೋ ಏಪ್ರಿಲ್ 2ರಂದು ಕೇಸನ್ನು ಮುಚ್ಚಿದರು. ಆದರೆ ಮತ್ತೆ ತೆರೆಯಲಾಗದಂತೆ ಮುಚ್ಚಿದರು. ಇಲ್ಲಿರೋದೆಲ್ಲ ಕೊಡು-ಕೊಳ್ಳುವ ವ್ಯಾಪಾರದ ವಾಸನೆ ಎಂದರು.

ಇದನ್ನು ಓದುವಾಗ ನಮ್ಮ ಹುಬ್ಬಳ್ಳಿ ನೆನಪಾಗದೆ ಇರಲಿಲ್ಲ. 2024ರ ಅಕ್ಟೋಬರ್‌ನಲ್ಲಿ ಕರ್ನಾಟಕ ಸರ್ಕಾರ 43 ಕ್ರಿಮಿನಲ್ ಕೇಸುಗಳನ್ನು ವಾಪಸ್ ಪಡೆಯಲು ಆದೇಶ ಮಾಡಿತು. ಹಳೇ ಹುಬ್ಬಳ್ಳಿ ಗಲಭೆಯದೂ ಅದರಲ್ಲಿತ್ತು. 2025ರ ಮೇ ತಿಂಗಳಲ್ಲಿ ಹೈಕೋರ್ಟು ಆ ಆದೇಶವನ್ನು ರದ್ದು ಮಾಡಿತು. ನಮ್ಮ ಕಾನೂನಿನಲ್ಲೂ ಕೇಸು ಹಿಂತೆಗೆಯಬೇಕಾದರೆ ಪಬ್ಲಿಕ್ ಪ್ರಾಸಿಕ್ಯೂಟರ್ ತನ್ನ ಸ್ವಂತ ಬುದ್ಧಿಯಿಂದ ಯೋಚಿಸಿ ಕೋರ್ಟಿನ ಒಪ್ಪಿಗೆ ಪಡೆಯಬೇಕು. ಕ್ಯಾಬಿನೆಟ್ ಹೇಳಿತು ಅಂತ ಸಹಿ ಹಾಕುವಂತಿಲ್ಲ. ಎರಡು ದೇಶ, ಎರಡು ಪಕ್ಷ, ಆಸೆ ಮಾತ್ರ ಒಂದೇ.

ಸಹಿ ಹಾಕುವವರು ಸಿಗದಿದ್ದರೆ ಹೊಸಬರನ್ನು ತರುವುದು ಮುಂದಿನ ದಾರಿ. ವರ್ಜೀನಿಯಾದಲ್ಲಿ 2025ರ ಸೆಪ್ಟೆಂಬರ್‌ನಲ್ಲಿ ಯುಎಸ್ ಅಟಾರ್ನಿ ಆಗಿದ್ದ ಎರಿಕ್ ಸೀಬರ್ಟ್ ಜಾಗ ಖಾಲಿ ಮಾಡಿದರು. ಲಿಂಡ್ಸೆ ಹ್ಯಾಲಿಗನ್ ಬಂದರು. ಅವರು ಹಿಂದೆ ಪ್ರಾಸಿಕ್ಯೂಟರ್ ಆಗಿದ್ದವರೇ ಅಲ್ಲ. ಬಂದ ಮೂರ್ನಾಲ್ಕು ದಿನಕ್ಕೇ, ಸೆಪ್ಟೆಂಬರ್ 25ರಂದು, ಎಫ್‌ಬಿಐ ಮಾಜಿ ಮುಖ್ಯಸ್ಥ ಜೇಮ್ಸ್ ಕೋಮಿ ಮೇಲೆ ದೋಷಾರೋಪ ಪಡೆದರು. ಗ್ರ್ಯಾಂಡ್ ಜ್ಯೂರಿ ಮುಂದೆ ಒಬ್ಬರೇ ಹೋಗಿದ್ದರು. ನವೆಂಬರ್ 24ರಂದು ಜಡ್ಜ್ ಕ್ಯಾಮರನ್ ಕರ್ರಿ ಇಡೀ ಕೇಸನ್ನೇ ವಜಾ ಮಾಡಿದರು. ಕಾರಣ ಸಾಕ್ಷಿಯಲ್ಲ, ನೇಮಕಾತಿ. ಹಂಗಾಮಿ ನೇಮಕಕ್ಕೆ ಅಟಾರ್ನಿ ಜನರಲ್‌ಗೆ ಇರುವ 120 ದಿನ ಆಗಲೇ ಮುಗಿದಿತ್ತು, ಆಮೇಲೆ ನೇಮಿಸುವ ಅಧಿಕಾರ ಅಲ್ಲಿನ ಜಡ್ಜ್‌ಗಳದ್ದು.

ಪ್ರಾಸಿಕ್ಯೂಟರ್ ನೇಮಕವೇ ಕೇಸಿನ ಬುಡ ಅಲುಗಾಡಿಸುವುದು ಬೆಂಗಳೂರಿಗೆ ಹೊಸದಲ್ಲ ಬಿಡಿ. ಜಯಲಲಿತಾ ಮೇಲ್ಮನವಿಯಲ್ಲಿ ಭವಾನಿ ಸಿಂಗ್ ಅವರನ್ನು ತಮಿಳುನಾಡು ನೇಮಿಸಿತ್ತು. ಆ ಅಧಿಕಾರ ಕರ್ನಾಟಕದ್ದು ಮಾತ್ರ ಎಂದು 2015ರ ಏಪ್ರಿಲ್ 27ರಂದು ಸುಪ್ರೀಂ ಕೋರ್ಟು ಹೇಳಿತು. ಆ ಹೊತ್ತಿಗೆ ವಾದವೆಲ್ಲ ಮುಗಿದಿತ್ತು. ಬಿ.ವಿ. ಆಚಾರ್ಯರು ಒಂದೇ ದಿನದಲ್ಲಿ ಲಿಖಿತ ವಾದ ಬರೆದು ಕೊಡಬೇಕಾಯಿತು.

ಗ್ರ್ಯಾಂಡ್ ಜ್ಯೂರಿಗಳೂ ಈಗ ಮೊದಲಿನಂತಿಲ್ಲ. 2025ರ ಆಗಸ್ಟ್‌ನಲ್ಲಿ ವಾಷಿಂಗ್ಟನ್‌ನ ಬೀದಿಯಲ್ಲಿ ಒಬ್ಬಾತ ಫೆಡರಲ್ ಏಜೆಂಟ್ ಒಬ್ಬರ ಎದೆಗೆ ಸ್ಯಾಂಡ್‌ವಿಚ್ ಎಸೆದ. ತಮಾಷೆ ಎಂದರೆ ಆತನೂ ನ್ಯಾಯ ಇಲಾಖೆಯ ನೌಕರನೇ. ಅವನ ಮೇಲೆ ಗಂಭೀರ ಅಪರಾಧದ ಕೇಸು ಹಾಕಲು ಹೋದರೆ ಗ್ರ್ಯಾಂಡ್ ಜ್ಯೂರಿ ಬೇಡ ಎಂದಿತು. ಸಣ್ಣ ಅಪರಾಧ ಎಂದು ಇಳಿಸಿ ವಿಚಾರಣೆ ನಡೆಸಿದರೂ ನವೆಂಬರ್‌ನಲ್ಲಿ ಖುಲಾಸೆ. ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಲೆಟಿಷಿಯಾ ಜೇಮ್ಸ್ ಮೇಲಿನ ಕೇಸೂ ಕೋಮಿ ಕೇಸಿನ ದಿನವೇ ಬಿದ್ದುಹೋಗಿತ್ತು. ಅದನ್ನು ಮತ್ತೆ ಎತ್ತಿ ನಿಲ್ಲಿಸಲು ಡಿಸೆಂಬರ್‌ನಲ್ಲಿ ಎರಡು ಸಲ ಗ್ರ್ಯಾಂಡ್ ಜ್ಯೂರಿ ಮುಂದೆ ಹೋದರು. ಎರಡು ಸಲವೂ ಇಲ್ಲ ಎನಿಸಿಕೊಂಡರು. 2010ರ ಇಡೀ ವರ್ಷದಲ್ಲಿ 11 ಸಲ ಮಾತ್ರ ‘ಬೇಡ’ ಎಂದಿದ್ದ ದೇಶದಲ್ಲಿ ಇದು ಸಣ್ಣ ಬದಲಾವಣೆಯಲ್ಲ.

ಇದರ ಬಿಸಿ ತಟ್ಟುವುದು ಬರೀ ರಾಜಕೀಯದ ಕೇಸುಗಳಿಗಲ್ಲ. ಸರ್ಕಾರದ ನೀತಿಗಳನ್ನು ಕೋರ್ಟಿನಲ್ಲಿ ಸಮರ್ಥಿಸುವ ಫೆಡರಲ್ ಪ್ರೋಗ್ರಾಮ್ಸ್ ವಿಭಾಗದಲ್ಲಿ ಸುಮಾರು 110 ವಕೀಲರಿದ್ದರು. 2025ರ ಜುಲೈ ಹೊತ್ತಿಗೆ ಅವರಲ್ಲಿ 69 ಮಂದಿ ಬಿಟ್ಟಿದ್ದರು, ಇಲ್ಲವೇ ಬಿಡುತ್ತೇವೆ ಎಂದು ಹೇಳಿದ್ದರು. ಉಳಿದವರ ಮೇಜಿನ ಮೇಲೆ ಎರಡರಷ್ಟು ಫೈಲು. ಫೈಲು ಜಾಸ್ತಿಯಾದರೆ ಓದಲು ಹೊತ್ತಿಲ್ಲ. ಓದದೆ ಹೋದರೆ ಕೋರ್ಟಿನಲ್ಲಿ ತಪ್ಪು ಮಾತು. ತಪ್ಪು ಮಾತಾಡಿದರೆ ಜಡ್ಜ್ ನಂಬಲ್ಲ. ಜಡ್ಜ್ ನಂಬದಿದ್ದರೆ ಪ್ರತಿ ವಿಷಯಕ್ಕೂ ಅಫಿಡವಿಟ್ ಕೇಳುತ್ತಾರೆ, ಅಧಿಕಾರಿಯನ್ನೇ ಕಟಕಟೆಗೆ ಕರೆಯುತ್ತಾರೆ. ಕೆಲಸ ಇನ್ನೂ ಜಾಸ್ತಿ. ಇನ್ನೊಬ್ಬರು ರಾಜೀನಾಮೆ.

ಮಿನ್ನೆಸೋಟದಲ್ಲಿ ಆದದ್ದು ಇದೇ. 2026ರ ಜನವರಿಯಲ್ಲಿ ವಲಸೆ ಏಜೆಂಟ್ ಒಬ್ಬರ ಗುಂಡಿಗೆ ಒಬ್ಬ ಮಹಿಳೆ ಸತ್ತರು. ಆ ತನಿಖೆಯನ್ನು ನಡೆಸುತ್ತಿದ್ದ ರೀತಿಯನ್ನು ಒಪ್ಪದೆ ಜೋಸೆಫ್ ಥಾಂಪ್ಸನ್ ಸೇರಿ ಹಲವು ಪ್ರಾಸಿಕ್ಯೂಟರ್‌ಗಳು ರಾಜೀನಾಮೆ ಕೊಟ್ಟರು. ಬಡ ಮಕ್ಕಳ ಊಟದ ಹೆಸರಲ್ಲಿ ಸುಮಾರು 25 ಕೋಟಿ ಡಾಲರ್ ನುಂಗಿದ ಹಗರಣದ ಕೇಸನ್ನು ವರ್ಷಗಳಿಂದ ನಡೆಸಿಕೊಂಡು ಬಂದವರು ಇದೇ ಥಾಂಪ್ಸನ್. ಅತ್ತ ಬಿಡುಗಡೆ ಕೋರಿ ವಲಸೆ ಬಂಧಿತರು ಹಾಕಿದ ಅರ್ಜಿಗಳು ರಾಶಿ ಬಿದ್ದವು. ವಲಸೆ ಇಲಾಖೆ ಪಾಲಿಸದ ಕೋರ್ಟ್ ಆದೇಶಗಳ ಪಟ್ಟಿಯನ್ನು ಅಲ್ಲಿನ ಮುಖ್ಯ ಜಡ್ಜ್ ಪ್ಯಾಟ್ರಿಕ್ ಶಿಲ್ಟ್ಸ್ ಮಾಡಿದರು. 74 ಕೇಸುಗಳಲ್ಲಿ 96 ಆದೇಶ. ಎರವಲು ವಕೀಲೆ ಬ್ಲ್ಯಾಕ್‌ವೆಲ್ ಮುಂದೆ ನಿಂತದ್ದು ಇದಾದ ಒಂದು ವಾರಕ್ಕೆ.

ಆ ದಿನಗಳಲ್ಲೇ ಅಲ್ಲಿನ ಯುಎಸ್ ಅಟಾರ್ನಿ ಕೋರ್ಟಿಗೆ ಒಂದು ಹೇಳಿಕೆ ಬರೆದುಕೊಟ್ಟರು. ಸಿವಿಲ್ ವಿಭಾಗದಲ್ಲಿ ಅರ್ಧದಷ್ಟು ಜನ ಮಾತ್ರ ಇದ್ದಾರೆ. ಇರುವವರನ್ನೆಲ್ಲ ಬಂಧಿತರ ಅರ್ಜಿಗಳಿಗೇ ಹಾಕಿದ್ದೇವೆ. ಸರ್ಕಾರದ ಪರವಾಗಿ ತಾವೇ ಹೂಡುವ ಸಿವಿಲ್ ಕೇಸುಗಳ ಕೆಲಸ ನಿಲ್ಲಿಸಿದ್ದೇವೆ. ಸರ್ಕಾರಕ್ಕೆ ಮೋಸ ಮಾಡಿದವರಿಂದ ಮೂರು ಪಟ್ಟು ವಸೂಲಿ ಮಾಡಲು ಲಿಂಕನ್ ಕಾಲದ, 1863ರ ಕಾಯ್ದೆಯೊಂದಿದೆ. 2024ರಲ್ಲಿ ದೇಶಾದ್ಯಂತ ಅದರಿಂದ ಬಂದದ್ದು 290 ಕೋಟಿ ಡಾಲರ್. ಆ ಫೈಲುಗಳೂ ಇರುವುದು ಈ ಸಿವಿಲ್ ವಕೀಲರ ಮೇಜಿನ ಮೇಲೆಯೇ.